ಮಯಸ್ತೇನಿಯಾ ಜೊತೆಗೆ ಥೈರಾಯ್ಡ್ ಕಾಯಿಲೆಯೂ ಬಂದರೆ: ಏನು ಸಂಬಂಧ, ಏನು ಎಚ್ಚರ?

ಪ್ರಶ್ನೆ: ನನಗೆ 36 ವರ್ಷ. ನಾಲ್ಕು ವರ್ಷದಿಂದ ಮಯಸ್ತೇನಿಯಾ ಗ್ರೇವಿಸ್, ಅಂದರೆ ಸ್ನಾಯುಗಳು ಬೇಗ ಬಲ ಕಳೆದುಕೊಳ್ಳುವ ಕಾಯಿಲೆ, ಇದೆ. ರಕ್ತದಲ್ಲಿ ಅಸಿಟೈಲ್‌ಕೋಲಿನ್ ರಿಸೆಪ್ಟರ್ (ನರದ ಸಂದೇಶ ಹಿಡಿಯುವ ಸ್ನಾಯುವಿನ ಕೊಂಡಿ) ಮೇಲೆ ದಾಳಿ ಮಾಡುವ ಆ್ಯಂಟಿಬಾಡಿ (ರೋಗನಿರೋಧಕ ಪ್ರೋಟೀನ್) ಸಿಕ್ಕಿತ್ತು. ಪಿರಿಡೋಸ್ಟಿಗ್ಮಿನ್ ಮತ್ತು ಅಜಥಯೋಪ್ರಿನ್ ಮಾತ್ರೆಗಳಿಂದ ಚೆನ್ನಾಗಿಯೇ ಇದ್ದೆ. ಮೂರು ತಿಂಗಳಿಂದ ಎದೆ ಡವಡವ ಅನ್ನುತ್ತಿತ್ತು, ತೂಕ ಇಳಿಯಿತು, ಸುಸ್ತು ಜಾಸ್ತಿಯಾಯಿತು. ಈಗ ಗ್ರೇವ್ಸ್ ಕಾಯಿಲೆ ಎಂಬ ಥೈರಾಯ್ಡ್ ತೊಂದರೆ ಇದೆ ಅಂದಿದ್ದಾರೆ. ನನ್ನ ಅಕ್ಕನಿಗೆ ಕೀಲುಗಳು ಊದಿ ನೋಯುವ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಇವಕ್ಕೆಲ್ಲ ಒಂದಕ್ಕೊಂದು ಸಂಬಂಧ ಇದೆಯಾ? ಇನ್ನು ಮುಂದೆ ಒಂದಾದ ಮೇಲೆ ಒಂದು ಕಾಯಿಲೆ ಬರುತ್ತಲೇ ಇರುತ್ತವಾ? ರೋಗನಿರೋಧಕ ಶಕ್ತಿ ಹೆಚ್ಚಿಸುವ ಮಾತ್ರೆ ತೆಗೆದುಕೊಂಡರೆ ಒಳ್ಳೆಯದಾ? ನನ್ನ ಒಂಬತ್ತು ವರ್ಷದ ಮಗಳಿಗೂ ಪರೀಕ್ಷೆ ಮಾಡಿಸಬೇಕಾ?

ಉತ್ತರ: ಸಂಬಂಧ ಇದೆ. ಆದರೆ ಒಂದಾದ ಮೇಲೆ ಒಂದು ಸಾಲಾಗಿ ಬರುತ್ತವೆ ಅನ್ನುವ ಭಯ ಬೇಡ. ಮಯಸ್ತೇನಿಯಾ ಇರುವ ಹೆಚ್ಚಿನವರಿಗೆ ಜೀವನಪೂರ್ತಿ ಅದೊಂದೇ ಆಟೋಇಮ್ಯೂನ್ ಕಾಯಿಲೆ, ಅಂದರೆ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೇ ದಾಳಿ ಮಾಡುವ ಕಾಯಿಲೆ, ಇರುತ್ತದೆ. ಎರಡನೆಯದು ಬರುವುದು ಸ್ಥೂಲವಾಗಿ ಏಳರಲ್ಲಿ ಒಬ್ಬರಿಗೆ. ಅಧ್ಯಯನದಿಂದ ಅಧ್ಯಯನಕ್ಕೆ ಈ ಲೆಕ್ಕ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಎಲ್ಲದರಲ್ಲೂ ಮೊದಲ ಸ್ಥಾನ ಮಾತ್ರ ಥೈರಾಯ್ಡ್‌ಗೇ. ಮಯಸ್ತೇನಿಯಾ ಇರುವ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಆಟೋಇಮ್ಯೂನ್ ಥೈರಾಯ್ಡ್ ಕಾಯಿಲೆ ಇರುತ್ತದೆ. ಕೆಲವರಿಗೆ ನಿಮ್ಮ ಹಾಗೆ ಗ್ರೇವ್ಸ್, ಅಂದರೆ ಹಾರ್ಮೋನು ಅತಿಯಾಗುವುದು. ಇನ್ನು ಕೆಲವರಿಗೆ ಹಾಶಿಮೋಟೊ, ಅಂದರೆ ನಿಧಾನವಾಗಿ ಕಡಿಮೆಯಾಗುತ್ತ ಹೋಗುವುದು. ತಿರುಗಿಸಿ ನೋಡಿದರೆ ಲೆಕ್ಕ ಬೇರೆಯೇ. ಗ್ರೇವ್ಸ್ ಇರುವವರಲ್ಲಿ ಮಯಸ್ತೇನಿಯಾ ಬರುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ.

ಈ ಸಂಬಂಧ ಗಮನಕ್ಕೆ ಬಂದದ್ದು ಈಚೆಗೆ ಅಲ್ಲ. ಮಯಸ್ತೇನಿಯಾ ಆಟೋಇಮ್ಯೂನ್ ಕಾಯಿಲೆ ಅಂತ ಗೊತ್ತಾಗಲು ಒಂದು ಸುಳಿವು ಕೊಟ್ಟದ್ದೇ ಈ ಜೊತೆಗಾರ ಕಾಯಿಲೆಗಳು. 1960ರಲ್ಲಿ ಸ್ಕಾಟ್ಲೆಂಡ್‌ನ ವೈದ್ಯ ಜಾನ್ ಸಿಂಪ್ಸನ್ ತಮ್ಮ ರೋಗಿಗಳ ದಾಖಲೆಗಳನ್ನು ಕೂಲಂಕಷವಾಗಿ ನೋಡಿದರು. ಥೈರಾಯ್ಡ್, ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್ (ಚರ್ಮ, ಕೀಲು, ಮೂತ್ರಪಿಂಡ ಹೀಗೆ ಹಲವು ಅಂಗ ಹಿಡಿಯುವ ಆಟೋಇಮ್ಯೂನ್ ಕಾಯಿಲೆ) ಈ ರೋಗಿಗಳಲ್ಲಿ ಲೆಕ್ಕಕ್ಕಿಂತ ಜಾಸ್ತಿ ಇರುವುದು ಅವರಿಗೆ ಕಾಣಿಸಿತು. ತಾಯಿಗೆ ಮಯಸ್ತೇನಿಯಾ ಇದ್ದರೆ ಕೆಲವು ನವಜಾತ ಶಿಶುಗಳು ಕೆಲವು ವಾರ ಸುಸ್ತಾಗಿದ್ದು, ಆಮೇಲೆ ಸರಿಹೋಗುವುದನ್ನೂ ಅವರು ಗಮನಕ್ಕೆ ತೆಗೆದುಕೊಂಡರು. ಸ್ನಾಯುವಿನ ಮೇಲೆ ದೇಹದ್ದೇ ಆ್ಯಂಟಿಬಾಡಿ ದಾಳಿ ಮಾಡುತ್ತಿರಬೇಕು ಎಂದು ಅವರು ಊಹಿಸಿದರು. ಆಗ ಆ ಆ್ಯಂಟಿಬಾಡಿಯನ್ನು ಯಾರೂ ಕಂಡಿರಲಿಲ್ಲ. 1973ರಲ್ಲಿ ಅಮೆರಿಕದಲ್ಲಿ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ವಿದ್ಯುತ್ ಹಾವುಮೀನಿನ ಅಸಿಟೈಲ್‌ಕೋಲಿನ್ ರಿಸೆಪ್ಟರ್ ಅನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳು ಮಯಸ್ತೇನಿಯಾ ಬಂದವರ ಹಾಗೆಯೇ ಬಲ ಕಳೆದುಕೊಂಡವು. ಸಿಂಪ್ಸನ್ ಅವರ ಊಹೆ ಸರಿಯಾಗಿತ್ತು.

ನಿಮ್ಮ ಎರಡು ಕಾಯಿಲೆಗಳು ಒಳಗೆ ನಡೆಸುವ ಕೆಲಸ ಹೋಲುತ್ತದೆ, ಫಲ ಮಾತ್ರ ಉಲ್ಟಾ. ಎರಡರಲ್ಲೂ ಆ್ಯಂಟಿಬಾಡಿ ಹೋಗಿ ಜೀವಕೋಶದ ಮೇಲಿನ ಒಂದು ರಿಸೆಪ್ಟರ್‌ಗೆ ಅಂಟಿಕೊಳ್ಳುತ್ತದೆ. ಮಯಸ್ತೇನಿಯಾದಲ್ಲಿ ಅದು ನರ ಮತ್ತು ಸ್ನಾಯು ಸೇರುವ ಜಾಗದ ರಿಸೆಪ್ಟರ್. ಅಲ್ಲಿ ಆ್ಯಂಟಿಬಾಡಿ ಕೂತರೆ ರಿಸೆಪ್ಟರ್‌ಗಳು ನಾಶವಾಗುತ್ತವೆ, ಸಂಖ್ಯೆ ಇಳಿಯುತ್ತದೆ, ನರದ ಸಂದೇಶ ಸ್ನಾಯುವಿಗೆ ಪೂರ್ತಿ ತಲುಪುವುದಿಲ್ಲ. ಗ್ರೇವ್ಸ್‌ನಲ್ಲಿ ಅದು ಥೈರಾಯ್ಡ್ ಗ್ರಂಥಿಯ ಟಿಎಸ್ಎಚ್ ರಿಸೆಪ್ಟರ್ (ಟಿಎಸ್ಎಚ್ ಅಂದರೆ ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು). ಅಲ್ಲಿ ಆ್ಯಂಟಿಬಾಡಿ ಕೂತರೆ ಗ್ರಂಥಿ ನಿಲ್ಲದೆ ಹಾರ್ಮೋನು ಸುರಿಸುತ್ತದೆ. ಒಂದು ಕಡೆ ಕೆಲಸ ನಿಲ್ಲುತ್ತದೆ, ಇನ್ನೊಂದು ಕಡೆ ಅತಿಯಾಗುತ್ತದೆ. ಆದರೆ ಒಂದು ಕಾಯಿಲೆ ಇನ್ನೊಂದನ್ನು ಹುಟ್ಟಿಸಿಲ್ಲ. ನಿಮ್ಮ ಮಯಸ್ತೇನಿಯಾ ಆ್ಯಂಟಿಬಾಡಿ ಥೈರಾಯ್ಡ್‌ಗೆ ಹೋಗಿ ಕೂತಿಲ್ಲ. ಎರಡೂ ಬೇರೆ ಬೇರೆ ಆ್ಯಂಟಿಬಾಡಿಗಳು. ಅವು ಬೆಳೆದ ನೆಲ ಒಂದೇ.

ಆ ನೆಲದಲ್ಲಿ ಒಂದು ಪಾಲು ವಂಶದಿಂದ ಬಂದದ್ದು. ನಮ್ಮ ರೋಗನಿರೋಧಕ ಕಣಗಳಿಗೆ ‘ಇದು ನಮ್ಮದು, ಇದು ಹೊರಗಿನದು’ ಅಂತ ತೋರಿಸಿಕೊಡುವ ಎಚ್ಎಲ್ಎ ಎಂಬ ಜೀನ್‌ಗಳ ಗುಂಪು ಇದೆ. ಅದರಲ್ಲಿ ಬಿ8 ಮತ್ತು ಡಿಆರ್3 ಎಂಬ ಬಗೆಗಳು, ಯುರೋಪ್ ಮೂಲದ ಜನರ ಅಧ್ಯಯನಗಳಲ್ಲಿ, ಚಿಕ್ಕ ವಯಸ್ಸಿಗೆ ಮಯಸ್ತೇನಿಯಾ ಬಂದ ಹೆಂಗಸರಲ್ಲಿ ಜಾಸ್ತಿ ಸಿಕ್ಕಿವೆ. ಡಿಆರ್3 ಗ್ರೇವ್ಸ್, ಲೂಪಸ್, ಟೈಪ್ 1 ಡಯಾಬಿಟಿಸ್ ಇರುವವರಲ್ಲೂ ಜಾಸ್ತಿ. ಪಿಟಿಪಿಎನ್22 ಎಂಬ ಇನ್ನೊಂದು ಜೀನ್‌ನ ಒಂದು ಬಗೆ ಮಯಸ್ತೇನಿಯಾ, ರುಮಟಾಯ್ಡ್ ಆರ್ಥ್ರೈಟಿಸ್, ಥೈರಾಯ್ಡ್ ಕಾಯಿಲೆ ಎಲ್ಲದರ ಜೊತೆಗೂ ತಳುಕು ಹಾಕಿಕೊಂಡಿದೆ. ಹಾಗಾಗಿ ನಿಮ್ಮ ಅಕ್ಕನ ಕೀಲುನೋವು ಈ ಚಿತ್ರದ ಹೊರಗಿನದಲ್ಲ. ಒಂದೇ ಮನೆಯಲ್ಲಿ ಒಬ್ಬರಿಗೆ ಸ್ನಾಯು, ಒಬ್ಬರಿಗೆ ಕೀಲು, ಇನ್ನೊಬ್ಬರಿಗೆ ಥೈರಾಯ್ಡ್ ಹೀಗೆ ಕಾಣಿಸಿಕೊಳ್ಳುವುದು ನಮಗೆ ಪರಿಚಿತ ದೃಶ್ಯ. ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ ಅನ್ನುವುದನ್ನೂ ಇದರ ಜೊತೆಗೇ ಹೇಳಬೇಕು. ಒಂದೇ ಜೀನ್‌ಗಳನ್ನು ಹಂಚಿಕೊಂಡ ಅವಳಿಗಳಲ್ಲಿ ಕೂಡ ಒಬ್ಬರಿಗೆ ಮಯಸ್ತೇನಿಯಾ ಬಂದರೆ ಇನ್ನೊಬ್ಬರಿಗೆ ಬರುವುದು ಅರ್ಧಕ್ಕಿಂತ ಕಡಿಮೆ ಜೋಡಿಗಳಲ್ಲಿ.

ಇನ್ನೊಂದು ಪಾಲು ಥೈಮಸ್ ಗ್ರಂಥಿಯದು. ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ ಇರುವ ಈ ಪುಟ್ಟ ಗ್ರಂಥಿ ಟಿ ಕಣಗಳೆಂಬ ರೋಗನಿರೋಧಕ ಕಣಗಳಿಗೆ ಜರಡಿಯ ಹಾಗೆ. ದೇಹದ ಸ್ವಂತ ಭಾಗಗಳ ಮೇಲೇ ತಿರುಗಿಬೀಳುವಂಥ ಟಿ ಕಣಗಳನ್ನು ಅದು ತಡೆದು ಸಾಯಿಸುತ್ತದೆ, ಉಳಿದವನ್ನು ಹೊರಗೆ ಬಿಡುತ್ತದೆ. ಅಸಿಟೈಲ್‌ಕೋಲಿನ್ ರಿಸೆಪ್ಟರ್ ಆ್ಯಂಟಿಬಾಡಿ ಇರುವ ಕಿರಿಯ ವಯಸ್ಸಿನ ರೋಗಿಗಳಲ್ಲಿ ಹೆಚ್ಚಿನವರಿಗೆ ಈ ಗ್ರಂಥಿ ಊದಿಕೊಂಡು ಒಳಗೇ ಆ್ಯಂಟಿಬಾಡಿ ತಯಾರಾಗುತ್ತಿರುತ್ತದೆ. ಒಟ್ಟು ರೋಗಿಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಜನರಿಗೆ ಅಲ್ಲಿ ಥೈಮೋಮಾ ಎಂಬ ಗೆಡ್ಡೆ ಇರುತ್ತದೆ. ಜರ್ಮನಿಯ ಕಾರ್ಲ್ ವೈಗರ್ಟ್ ಮಯಸ್ತೇನಿಯಾ ರೋಗಿಯೊಬ್ಬರಲ್ಲಿ ಥೈಮಸ್ ಗೆಡ್ಡೆಯನ್ನು ಗುರುತಿಸಿ ಬರೆದದ್ದು 1901ರಲ್ಲೇ.

ಥೈಮೋಮಾ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬೇರೆ ಇಮ್ಯೂನ್ ಕಾಯಿಲೆಗಳ ಪಟ್ಟಿ ನಿಜಕ್ಕೂ ವಿಚಿತ್ರವಾಗುವುದು ಈ ಗೆಡ್ಡೆ ಇರುವವರಲ್ಲಿ. ಗೆಡ್ಡೆಯಲ್ಲೂ ಟಿ ಕಣಗಳು ಬೆಳೆಯುತ್ತವೆ, ಆದರೆ ಸೋಸುವ ಕೆಲಸ ಸರಿಯಾಗಿ ಆಗುವುದಿಲ್ಲ. ಆ ಕೆಲಸಕ್ಕೆ ಬೇಕಾದ ಏರ್ ಎಂಬ ಜೀನ್ ಅಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ಹೀಗೆ ತಪ್ಪಿಸಿಕೊಂಡ ಕಣಗಳು ಸ್ನಾಯುವನ್ನಷ್ಟೇ ಅಲ್ಲ, ಬೇರೆ ಅಂಗಗಳನ್ನೂ ಹಿಡಿಯಬಹುದು. ಮೂಳೆಮಜ್ಜೆಯಲ್ಲಿ ಕೆಂಪು ರಕ್ತಕಣ ಹುಟ್ಟುವುದೇ ನಿಂತುಹೋಗಿ ತೀವ್ರ ರಕ್ತಹೀನತೆ ಬರಬಹುದು. ಸ್ನಾಯುಗಳು ತಾವಾಗಿ ಬಿಗಿದು ಅದುರುವ ಐಸಾಕ್ಸ್ ಸಿಂಡ್ರೋಮ್ ಬರಬಹುದು. ಹೃದಯದ ಸ್ನಾಯುವಿಗೆ ಉರಿಯೂತ ಬರಬಹುದು. ಮೆದುಳಿನಲ್ಲಿ ನೆನಪಿನ ಭಾಗಕ್ಕೆ ಉರಿಯೂತ ಬಂದು ಮರೆವು, ಫಿಟ್ಸ್ ಕಾಣಿಸಬಹುದು. 1954ರಲ್ಲಿ ರಾಬರ್ಟ್ ಗುಡ್ ಇನ್ನೊಂದು ಬಗೆಯನ್ನು ವಿವರಿಸಿದರು. ಥೈಮೋಮಾ ಇರುವ ಕೆಲವರಲ್ಲಿ ಒಳ್ಳೆಯ ಆ್ಯಂಟಿಬಾಡಿಗಳೇ ಕಡಿಮೆಯಾಗಿ ಪದೇಪದೇ ಸೋಂಕು ತಗಲುತ್ತದೆ. ಒಂದೇ ವ್ಯಕ್ತಿಯಲ್ಲಿ ರಕ್ಷಣೆ ದುರ್ಬಲ, ಸ್ವಂತ ಸ್ನಾಯುವಿನ ಮೇಲೆ ದಾಳಿ ಜೋರು. ಇವೆಲ್ಲ ಅಪರೂಪ. ಆದರೆ ಮಯಸ್ತೇನಿಯಾ ಅಂತ ಗೊತ್ತಾದ ಎಲ್ಲರಿಗೂ ಒಮ್ಮೆ ಎದೆಯ ಸ್ಕ್ಯಾನ್ ಮಾಡಿಸಲೇಬೇಕು ಅಂತ ನಾವು ಪಟ್ಟು ಹಿಡಿಯುವುದು ಇದಕ್ಕೇ. ನಿಮ್ಮದು ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಮುಂದಿನ ಭೇಟಿಯಲ್ಲೇ ಕೇಳಿ.

ಥೈಮಸ್ ತೆಗೆಸಿದರೆ ಥೈರಾಯ್ಡ್ ಕೂಡ ಸರಿಹೋಗುತ್ತಾ ಅಂತ ಹಲವರು ಕೇಳುತ್ತಾರೆ. ಆ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಗೆಡ್ಡೆ ಇಲ್ಲದವರಿಗೂ ಥೈಮಸ್ ತೆಗೆದರೆ ಮಯಸ್ತೇನಿಯಾ ಹತೋಟಿಗೆ ಬರುತ್ತದೆ, ಸ್ಟೀರಾಯ್ಡ್ ಕಡಿಮೆ ಸಾಕಾಗುತ್ತದೆ ಅಂತ 2016ರಲ್ಲಿ ಬಂದ ದೊಡ್ಡ ಪ್ರಯೋಗವೊಂದು ತೋರಿಸಿತು. ಅದು ಮಯಸ್ತೇನಿಯಾಕ್ಕೆ ಸಂಬಂಧಿಸಿದ ಮಾತು. ಥೈರಾಯ್ಡ್‌ಗೆ ಅದರದ್ದೇ ಚಿಕಿತ್ಸೆ ಬೇಕು.

ಈಗ ನಿಮ್ಮ ದಿನನಿತ್ಯಕ್ಕೆ ಬರೋಣ. ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದ್ದು ಇದು: ಮಯಸ್ತೇನಿಯಾ ಇದೆ ಅಂತ ಎಲ್ಲ ಸುಸ್ತನ್ನೂ ಅದರ ತಲೆಗೆ ಕಟ್ಟಬೇಡಿ. ಕಟ್ಟಲು ವೈದ್ಯರನ್ನೂ ಬಿಡಬೇಡಿ. ಜೊತೆಗೆ ಬರುವ ಕಾಯಿಲೆಗಳು ತಡವಾಗಿ ಪತ್ತೆಯಾಗಲು ದೊಡ್ಡ ಕಾರಣವೇ ಇದು. ‘ಮಯಸ್ತೇನಿಯಾ ಜಾಸ್ತಿಯಾಗಿದೆ’ ಅಂತ ಸ್ಟೀರಾಯ್ಡ್ ಏರಿಸುತ್ತ ಹೋಗುತ್ತಾರೆ. ನಿಜವಾದ ಕಾರಣ ಥೈರಾಯ್ಡ್‌ನಲ್ಲೋ, ರಕ್ತಹೀನತೆಯಲ್ಲೋ ಕೂತಿರುತ್ತದೆ.

ಮಯಸ್ತೇನಿಯಾದ ಸುಸ್ತಿಗೆ ಅದರದ್ದೇ ನಡಿಗೆ ಇದೆ. ಬಳಸಿದ ಹಾಗೆ ಬಲ ಇಳಿಯುತ್ತದೆ, ವಿಶ್ರಾಂತಿ ಕೊಟ್ಟರೆ ಮರಳುತ್ತದೆ. ಬೆಳಿಗ್ಗೆ ರೆಪ್ಪೆ ತೆರೆದಿರುತ್ತದೆ, ಸಂಜೆಗೆ ಜೋತುಬೀಳುತ್ತದೆ. ಊಟದ ಮೊದಲ ತುತ್ತು ಸಲೀಸು, ಕೊನೆಯ ತುತ್ತು ಅಗಿಯುವುದು ಕಷ್ಟ. ಮಾತು ಶುರುವಾದಾಗ ಸ್ಪಷ್ಟ, ಹತ್ತು ನಿಮಿಷಕ್ಕೆ ಮೂಗಿನಿಂದ ಬಂದಂತೆ. ಇಡೀ ದಿನ ಒಂದೇ ಸಮನೆ ಇರುವ ಆಯಾಸ, ಮೆಟ್ಟಿಲು ಹತ್ತಿದಾಗ ಏದುಸಿರು ಮತ್ತು ಎದೆಬಡಿತ, ಚಳಿ ಅಥವಾ ಸೆಕೆ ತಡೆಯಲಾಗದಿರುವುದು, ಬೆಳಿಗ್ಗೆ ಕೀಲುಗಳು ಬಿಗಿದಿರುವುದು, ಇವು ಮಯಸ್ತೇನಿಯಾದ ಭಾಷೆ ಅಲ್ಲ. ಜೋಮು ಕೂಡ ಅಲ್ಲ. ಮಯಸ್ತೇನಿಯಾ ಸ್ಪರ್ಶವನ್ನು ಮುಟ್ಟುವುದಿಲ್ಲ, ದೃಷ್ಟಿಯನ್ನು ಮಸುಕು ಮಾಡಿ ಆರಿಸುವುದಿಲ್ಲ, ಮೂತ್ರದ ಹಿಡಿತವನ್ನು ಸಾಮಾನ್ಯವಾಗಿ ಕೆಡಿಸುವುದಿಲ್ಲ. ಒಂದೇ ಕಣ್ಣಿನ ದೃಷ್ಟಿ ಕೆಲವು ದಿನಗಳಲ್ಲಿ ಇಳಿದರೆ, ಕಣ್ಣು ತಿರುಗಿಸಿದಾಗ ನೋವಾದರೆ, ಸೊಂಟದಿಂದ ಕೆಳಗೆ ಮರಗಟ್ಟಿದರೆ ತಕ್ಷಣ ತೋರಿಸಿ. ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಹಿಡಿಯುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಕಾಯಿಲೆ ಮಯಸ್ತೇನಿಯಾ ಇರುವ ಕೆಲವರಲ್ಲಿ, ಎಷ್ಟೋ ವರ್ಷಗಳ ನಂತರ, ಹೀಗೆ ಕಾಣಿಸಿಕೊಳ್ಳುತ್ತದೆ. ಬಹಳ ಅಪರೂಪ, ಆದರೆ ಬೇಗ ಚಿಕಿತ್ಸೆ ಕೊಟ್ಟರೆ ಕಣ್ಣು ಉಳಿಯುತ್ತದೆ.

ಥೈರಾಯ್ಡ್ ಮತ್ತು ಮಯಸ್ತೇನಿಯಾ ಒಂದರೊಳಗೊಂದು ಬೆರೆತು ಗೊಂದಲ ಮಾಡುವುದು ಮುಖ್ಯವಾಗಿ ಕಣ್ಣಿನಲ್ಲಿ. ಎರಡರಲ್ಲೂ ಒಂದು ವಸ್ತು ಎರಡಾಗಿ ಕಾಣಬಹುದು. ವ್ಯತ್ಯಾಸ ಹೀಗಿದೆ. ಗ್ರೇವ್ಸ್ ಕಣ್ಣಿನ ತೊಂದರೆಯಲ್ಲಿ ರೆಪ್ಪೆ ಮೇಲಕ್ಕೆ ಸರಿದು ಕಣ್ಣು ದಿಟ್ಟಿಸಿ ನೋಡುತ್ತಿರುವಂತೆ ಕಾಣುತ್ತದೆ. ಕಣ್ಣು ಮುಂದೆ ಉಬ್ಬಬಹುದು, ಕೆಂಪಾಗಬಹುದು, ನೋಯಬಹುದು. ಎರಡಾಗಿ ಕಾಣುವುದು ಬೆಳಿಗ್ಗೆ ಎದ್ದಾಗಲೇ ಜಾಸ್ತಿ ಇರುವುದುಂಟು. ಮಯಸ್ತೇನಿಯಾದಲ್ಲಿ ರೆಪ್ಪೆ ಕೆಳಕ್ಕೆ ಬೀಳುತ್ತದೆ, ನೋವಿಲ್ಲ, ಸಂಜೆಗೆ ಜಾಸ್ತಿ, ಗಂಟೆಗಂಟೆಗೆ ಬದಲಾಗುತ್ತದೆ. ಹಾಗಾಗಿ ಗ್ರೇವ್ಸ್ ಇರುವ ಯಾರಿಗಾದರೂ ರೆಪ್ಪೆ ಜೋತುಬಿದ್ದರೆ ಅದು ಥೈರಾಯ್ಡ್ ಲೆಕ್ಕಕ್ಕೆ ಹೊಂದುವುದಿಲ್ಲ, ಮಯಸ್ತೇನಿಯಾ ಇದೆಯೇ ಅಂತ ನೋಡಬೇಕು. ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆಯ ಚೀಲ ಇಟ್ಟು ತೆಗೆದಾಗ ರೆಪ್ಪೆ ಸ್ವಲ್ಪ ಮೇಲೆದ್ದರೆ ಮಯಸ್ತೇನಿಯಾದ ಕಡೆಗೆ ಬೆರಳು ತೋರುತ್ತದೆ. ಯಾವ ಯಂತ್ರವೂ ಬೇಡದ ಈ ಪರೀಕ್ಷೆ ನನಗೆ ಬಹಳ ಇಷ್ಟ.

ಥೈರಾಯ್ಡ್ ಹಾರ್ಮೋನು ಅತಿಯಾದರೂ, ತೀರಾ ಕಡಿಮೆಯಾದರೂ ಮಯಸ್ತೇನಿಯಾ ಕೆರಳಬಹುದು. ಅದಕ್ಕೇ ನಿಮ್ಮ ಸುಸ್ತು ಜಾಸ್ತಿಯಾದದ್ದು ಆಶ್ಚರ್ಯವಲ್ಲ. ಥೈರಾಯ್ಡ್ ಹದಕ್ಕೆ ಬಂದ ಮೇಲೆ ಎಷ್ಟು ಉಳಿಯುತ್ತದೆ ನೋಡಿ, ಆಮೇಲೆ ಮಯಸ್ತೇನಿಯಾ ಔಷಧಿ ಹೆಚ್ಚಿಸಬೇಕೋ ಬೇಡವೋ ತೀರ್ಮಾನಿಸುವುದು ಸಾಮಾನ್ಯವಾಗಿ ಒಳ್ಳೆಯ ದಾರಿ. ಉಸಿರಾಟಕ್ಕೋ ನುಂಗುವುದಕ್ಕೋ ತೊಂದರೆ ಇದ್ದರೆ ಮಾತ್ರ ಕಾಯುವ ಹಾಗಿಲ್ಲ.

ಔಷಧಿಗಳ ವಿಷಯಕ್ಕೆ ಬಂದರೆ ನನಗೆ ನಿಜವಾದ ಆತಂಕ ಇರುವುದು ಇಲ್ಲೇ. ಎರಡು ಕಾಯಿಲೆಗೆ ಇಬ್ಬರು ವೈದ್ಯರು, ಇಬ್ಬರೂ ತಮ್ಮ ಕಡೆಯಿಂದ ಸರಿಯಾದ ಔಷಧಿಯನ್ನೇ ಬರೆಯುತ್ತಾರೆ, ಎರಡೂ ಸೇರಿದಾಗ ತೊಂದರೆ ಆಗುತ್ತದೆ.

ಗ್ರೇವ್ಸ್‌ನಲ್ಲಿ ಎದೆಬಡಿತ ತಗ್ಗಿಸಲು ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಕೊಡುವುದು ಮಾಮೂಲು. ಈ ಗುಂಪಿನ ಔಷಧಿಗಳು ಮಯಸ್ತೇನಿಯಾದ ದೌರ್ಬಲ್ಯ ಹೆಚ್ಚಿಸಬಲ್ಲವು. ಎಂದೂ ಕೊಡಲೇಬಾರದು ಅಂತಲ್ಲ. ಕೆಲವೊಮ್ಮೆ ಹೃದಯ ಕಾಪಾಡಲು ಬೇಕೇ ಬೇಕು. ಆದರೆ ಕೊಡುವವರಿಗೆ ನಿಮಗೆ ಮಯಸ್ತೇನಿಯಾ ಇರುವುದು ಗೊತ್ತಿರಬೇಕು, ಮೊದಲ ದಿನಗಳಲ್ಲಿ ನಿಮ್ಮ ಮೇಲೆ ಕಣ್ಣಿರಬೇಕು. ಈಗಾಗಲೇ ಶುರು ಮಾಡಿದ್ದರೆ ಥಟ್ಟನೆ ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಫೋನ್ ಮಾಡಿ.

ಥೈರಾಯ್ಡ್ ಹಾರ್ಮೋನು ತಗ್ಗಿಸುವ ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ಸ್ನಾಯುವಿಗೆ ತೊಂದರೆ ಕೊಡುವ ಔಷಧಿಗಳಲ್ಲ. ಅಪರೂಪಕ್ಕೆ ಇವು ಬಿಳಿ ರಕ್ತಕಣಗಳನ್ನು ಒಮ್ಮೆಲೇ ಇಳಿಸುತ್ತವೆ. ನೀವು ತೆಗೆದುಕೊಳ್ಳುವ ಅಜಥಯೋಪ್ರಿನ್ ಕೂಡ ಬಿಳಿ ಕಣಗಳನ್ನು ಇಳಿಸಬಲ್ಲದು. ಎರಡೂ ಒಟ್ಟಿಗೆ ಇದ್ದಾಗ ಜ್ವರ, ಗಂಟಲುನೋವು, ಬಾಯಿಹುಣ್ಣು ಬಂದರೆ ಸುಮ್ನೆ ಶೀತ ಅಂದುಕೊಂಡು ಕೂರಬಾರದು. ಅದೇ ದಿನ ರಕ್ತಕಣಗಳ ಎಣಿಕೆ ಮಾಡಿಸಬೇಕು. ಈ ಒಂದು ಮಾತನ್ನು ಮನೆಯವರಿಗೂ ಹೇಳಿಡಿ.

ಥೈರಾಯ್ಡ್ ಕಣಗಳನ್ನು ವಿಕಿರಣದಿಂದ ನಾಶಮಾಡುವ ರೇಡಿಯೋ ಅಯೋಡಿನ್ ಚಿಕಿತ್ಸೆಯ ಮಾತು ಬಂದರೆ, ಅದು ಕೆಲವರಲ್ಲಿ ಗ್ರೇವ್ಸ್ ಕಣ್ಣಿನ ತೊಂದರೆ ಹೆಚ್ಚಿಸುತ್ತದೆ ಅನ್ನುವುದನ್ನು ಮುಂಚೆಯೇ ಚರ್ಚಿಸಿ. ಥೈರಾಯ್ಡ್ ಶಸ್ತ್ರಚಿಕಿತ್ಸೆ ಆದರೆ ಎರಡೂ ಕಾಯಿಲೆ ಮೊದಲು ಹತೋಟಿಗೆ ಬರಲಿ. ಅರಿವಳಿಕೆ ಕೊಡುವ ವೈದ್ಯರಿಗೆ ಮಯಸ್ತೇನಿಯಾ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಸ್ನಾಯು ಸಡಿಲಿಸುವ ಔಷಧಿಗಳು ಮಯಸ್ತೇನಿಯಾ ಇರುವವರಲ್ಲಿ ಬೇರೆ ರೀತಿ ಕೆಲಸ ಮಾಡುತ್ತವೆ.

ನಿಮ್ಮ ಅಕ್ಕನ ಕಾಯಿಲೆಯ ಔಷಧಿಗಳಲ್ಲೂ ತಿಳಿದಿರಬೇಕಾದ್ದು ಇದೆ. ಡಿ-ಪೆನಿಸಿಲಮೈನ್ ಎಂಬ ಔಷಧಿಯನ್ನು ಹಿಂದೆ ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಬಹಳ ಬಳಸುತ್ತಿದ್ದರು. ಅದನ್ನು ತೆಗೆದುಕೊಂಡ ನೂರರಲ್ಲಿ ಕೆಲವರಿಗೆ ನಿಜವಾದ ಮಯಸ್ತೇನಿಯಾವೇ ಬರುತ್ತಿತ್ತು, ಆ್ಯಂಟಿಬಾಡಿ ಸಮೇತ. ಔಷಧಿ ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಹೋಗುತ್ತಿತ್ತು. ಒಂದು ಔಷಧಿ ಆಟೋಇಮ್ಯೂನ್ ಕಾಯಿಲೆಯನ್ನೇ ಹುಟ್ಟಿಸಬಲ್ಲದು ಅಂತ ಅದರಿಂದ ಕಲಿತೆವು. ಈಗ ಅದರ ಬಳಕೆ ತೀರಾ ಕಡಿಮೆ. ಆದರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಈಗಲೂ ಲೂಪಸ್ ಮತ್ತು ಆರ್ಥ್ರೈಟಿಸ್‌ನಲ್ಲಿ ದಿನಬಳಕೆಯ ಔಷಧಿ. ಅದು ಮಯಸ್ತೇನಿಯಾವನ್ನು ಕೆರಳಿಸಬಹುದು. ಮುಂದೆಂದಾದರೂ ನಿಮಗೆ ಕೀಲುನೋವು ಬಂದು ಯಾರಾದರೂ ಅದನ್ನು ಬರೆದರೆ, ನರರೋಗ ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಕ್ಯಾನ್ಸರ್‌ಗೆ ಈಗ ಬಳಸುವ ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್‌ನಂಥ ಇಮ್ಯೂನೋಥೆರಪಿ ಔಷಧಿಗಳೂ ಇದೇ ಸಾಲಿಗೆ ಸೇರುತ್ತವೆ. ರೋಗನಿರೋಧಕ ಕಣಗಳ ಮೇಲಿನ ತಡೆಯನ್ನು ಇವು ತೆಗೆಯುತ್ತವೆ. ಕ್ಯಾನ್ಸರ್ ವಿರುದ್ಧ ಅದು ವರ. ಆದರೆ ಅಪರೂಪಕ್ಕೆ ಕೆಲವರಲ್ಲಿ ಮಯಸ್ತೇನಿಯಾ, ಸ್ನಾಯುವಿನ ಉರಿಯೂತ, ಹೃದಯಸ್ನಾಯುವಿನ ಉರಿಯೂತ ಮೂರೂ ಒಟ್ಟಿಗೆ ಬಂದು ಪ್ರಾಣಕ್ಕೆ ಅಪಾಯವಾಗುತ್ತದೆ.

ಔಷಧಿಗಳಲ್ಲಿ ಒಳ್ಳೆಯ ಸುದ್ದಿಯೂ ಇದೆ. ಒಂದೇ ಔಷಧಿ ಎರಡು ಕಾಯಿಲೆಗೆ ಆಗುವುದುಂಟು. ನಿಮ್ಮ ಅಜಥಯೋಪ್ರಿನ್ ಅನ್ನೇ ಲೂಪಸ್‌ಗೂ ಬಳಸುತ್ತಾರೆ. ರಿಟುಕ್ಸಿಮ್ಯಾಬ್ ರುಮಟಾಯ್ಡ್ ಆರ್ಥ್ರೈಟಿಸ್‌ಗೂ ಆಗುತ್ತದೆ, ಮಸ್ಕ್ ಎಂಬ ಇನ್ನೊಂದು ಬಗೆಯ ಆ್ಯಂಟಿಬಾಡಿ ಇರುವ ಮಯಸ್ತೇನಿಯಾಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಎಕುಲಿಜುಮ್ಯಾಬ್‌ಗೆ ಅಮೆರಿಕದಲ್ಲಿ 2017ರಲ್ಲಿ ಮಯಸ್ತೇನಿಯಾಕ್ಕೂ 2019ರಲ್ಲಿ ನ್ಯೂರೋಮೈಲೈಟಿಸ್ ಆಪ್ಟಿಕಾಕ್ಕೂ ಅನುಮತಿ ಸಿಕ್ಕಿತು. ಇದರ ಇನ್ನೊಂದು ಮುಖ ಏನೆಂದರೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಎರಡನೇ ಕಾಯಿಲೆ ಅಡಗಿ ಕೂತಿರಬಹುದು. ಡೋಸ್ ಇಳಿಸಿದಾಗ ಕೀಲುನೋವಾಗಿ ಅದು ತಲೆ ಎತ್ತಬಹುದು.

ಉಳಿದ ಜೊತೆಗಾರರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ತೊನ್ನು, ಕೂದಲು ವೃತ್ತಾಕಾರದಲ್ಲಿ ಉದುರುವುದು, ಕಣ್ಣು ಬಾಯಿ ಒಣಗಿಸುವ ಶೋಗ್ರೆನ್, ಟೈಪ್ 1 ಡಯಾಬಿಟಿಸ್ ಎಲ್ಲವೂ ಮಯಸ್ತೇನಿಯಾ ಜೊತೆ ಕಾಣಸಿಗುತ್ತವೆ, ಥೈರಾಯ್ಡ್‌ಗಿಂತ ಬಹಳ ಕಡಿಮೆ. ಇವುಗಳಲ್ಲಿ ಸುಲಭವಾಗಿ ಕಣ್ತಪ್ಪಿ ಹೋಗುವುದು ಪರ್ನಿಷಿಯಸ್ ಅನೀಮಿಯಾ. ಹೊಟ್ಟೆಯಲ್ಲಿ ಬಿ12 ಹೀರಲು ಬೇಕಾದ ಅಂಶದ ಮೇಲೆ ಆ್ಯಂಟಿಬಾಡಿ ದಾಳಿ ಮಾಡಿ, ಬಿ12 ಇಳಿದು, ಸುಸ್ತು ಮತ್ತು ಕಾಲಲ್ಲಿ ಜೋಮು ಬರುತ್ತದೆ. ಸುಲಭದ ರಕ್ತಪರೀಕ್ಷೆ, ಸುಲಭದ ಚಿಕಿತ್ಸೆ. ಮಯಸ್ತೇನಿಯಾಕ್ಕೆ ಹತ್ತಿರದ ಇನ್ನೊಂದು ಕಾಯಿಲೆ ಲ್ಯಾಂಬರ್ಟ್-ಈಟನ್. ಅಲ್ಲಿ ದಾಳಿ ನರದ ತುದಿಯ ಕ್ಯಾಲ್ಸಿಯಂ ದಾರಿಯ ಮೇಲೆ. ಅದು ಬಂದ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜೊತೆಗಿರುತ್ತದೆ. ಕ್ಯಾನ್ಸರ್ ಇಲ್ಲದವರಲ್ಲಿ ಮಾತ್ರ ಮಯಸ್ತೇನಿಯಾದ ಹಾಗೆ ಥೈರಾಯ್ಡ್ ಮುಂತಾದವು ಜೊತೆಗೂಡುತ್ತವೆ. ನಿಮಗೆ ಅದರ ಚಿಂತೆ ಬೇಡ, ನಿಮ್ಮ ಆ್ಯಂಟಿಬಾಡಿ ಬೇರೆಯದು.

ಹಾಗಾದರೆ ಎಲ್ಲ ಆ್ಯಂಟಿಬಾಡಿಗೂ ಪರೀಕ್ಷೆ ಮಾಡಿಸಿಬಿಡೋಣ ಅಂತ ಅನಿಸುತ್ತದೆ, ಅಲ್ವಾ? ದಯವಿಟ್ಟು ಬೇಡ. ಥೈರಾಯ್ಡ್ ಪೆರಾಕ್ಸಿಡೇಸ್ ಆ್ಯಂಟಿಬಾಡಿ ಸುಮಾರು ಹತ್ತರಲ್ಲಿ ಒಬ್ಬ ಸಾಮಾನ್ಯ ವ್ಯಕ್ತಿಯಲ್ಲಿ ಸಿಗುತ್ತದೆ. ಲೂಪಸ್‌ಗೆ ಮಾಡುವ ಎಎನ್ಎ ಪರೀಕ್ಷೆಯೂ ಎಷ್ಟೋ ಆರೋಗ್ಯವಂತರಲ್ಲಿ ಪಾಸಿಟಿವ್ ಬರುತ್ತದೆ, ಮಯಸ್ತೇನಿಯಾ ಇರುವವರಲ್ಲಿ ಇನ್ನೂ ಜಾಸ್ತಿ. ಲಕ್ಷಣವೇ ಇಲ್ಲದೆ ಮಾಡಿಸಿದ ಪರೀಕ್ಷೆ ಕೊಡುವುದು ಹೆಚ್ಚಾಗಿ ನಿದ್ದೆಗೆಟ್ಟ ರಾತ್ರಿಗಳನ್ನು, ಉತ್ತರವನ್ನಲ್ಲ. ಮಯಸ್ತೇನಿಯಾ ಇರುವ ಎಲ್ಲರಿಗೂ ಶುರುವಿನಲ್ಲಿ ಟಿಎಸ್ಎಚ್ ನೋಡುವುದು, ಲಕ್ಷಣ ಬದಲಾದಾಗ ಮತ್ತೆ ನೋಡುವುದು, ಔಷಧಿಗಾಗಿ ಮಾಡಿಸುವ ರಕ್ತಪರೀಕ್ಷೆಯಲ್ಲೇ ಹಿಮೋಗ್ಲೋಬಿನ್ ಗಮನಿಸುವುದು, ಸುಸ್ತು ಅರ್ಥವಾಗದಿದ್ದಾಗ ಬಿ12 ನೋಡುವುದು. ನನ್ನ ಪ್ರಕಾರ ಇಷ್ಟು ಸಾಕು. ಉಳಿದದ್ದು ಲಕ್ಷಣ ನೋಡಿಕೊಂಡು.

ರೋಗನಿರೋಧಕ ಶಕ್ತಿ ಹೆಚ್ಚಿಸುವ ಮಾತ್ರೆಗಳ ಬಗ್ಗೆ ಕೇಳಿದ್ದೀರಿ. ಬೇಡ. ನಿಮ್ಮ ರೋಗನಿರೋಧಕ ವ್ಯವಸ್ಥೆ ದುರ್ಬಲವಾಗಿ ಈ ಕಾಯಿಲೆಗಳು ಬಂದಿಲ್ಲ, ಅದು ತಪ್ಪು ಗುರಿಗೆ ಹೊಡೆಯುತ್ತಿದೆ. ಅದನ್ನು ತಗ್ಗಿಸಲು ಒಂದು ಕಡೆ ಅಜಥಯೋಪ್ರಿನ್ ನುಂಗಿ, ಇನ್ನೊಂದು ಕಡೆ ಅದನ್ನೇ ಕೆರಳಿಸುವೆ ಅನ್ನುವ ಪುಡಿ ತಿನ್ನುವುದರಲ್ಲಿ ಅರ್ಥವಿಲ್ಲ. ಇಂಥ ಡಬ್ಬಿಗಳಲ್ಲಿ ಎಷ್ಟೋ ಸಲ ಮೆಗ್ನೀಸಿಯಂ ಕೂಡ ಇರುತ್ತದೆ. ಅದು ಜಾಸ್ತಿಯಾದರೆ ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ಇನ್ನಷ್ಟು ಕುಗ್ಗುತ್ತದೆ. ಸೋಂಕಿನಿಂದ ಕಾಪಾಡಿಕೊಳ್ಳಬೇಕು ಅನ್ನುವ ನಿಮ್ಮ ಕಾಳಜಿ ಮಾತ್ರ ಸರಿ. ಮಯಸ್ತೇನಿಯಾ ಏಕಾಏಕಿ ಹದಗೆಡಲು ಸೋಂಕೇ ದೊಡ್ಡ ಕಾರಣ. ಅದಕ್ಕೆ ದಾರಿ ಲಸಿಕೆ. ಫ್ಲೂ, ನ್ಯುಮೋನಿಯಾ ಮುಂತಾದ ಜೀವಂತವಲ್ಲದ ಲಸಿಕೆಗಳನ್ನು ಧೈರ್ಯವಾಗಿ ಹಾಕಿಸಿಕೊಳ್ಳಬಹುದು. ಅಜಥಯೋಪ್ರಿನ್ ತೆಗೆದುಕೊಳ್ಳುವಾಗ ಜೀವಂತ ಲಸಿಕೆಗಳನ್ನು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬೇಡಿ. ಸೋಂಕು ಬಂದಾಗ ಆ್ಯಂಟಿಬಯೋಟಿಕ್ ಬರೆಯುವವರಿಗೂ ಮಯಸ್ತೇನಿಯಾ ಇದೆ ಅನ್ನಿ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್, ಅಜಿತ್ರೋಮೈಸಿನ್, ಜೆಂಟಾಮೈಸಿನ್ ಇವೆಲ್ಲ ಸ್ನಾಯುವಿನ ಬಲ ಇಳಿಸಬಲ್ಲವು. ಮಲಗಿದರೆ ಉಸಿರು ಕಟ್ಟುವುದು, ನೀರು ಮೂಗಿಗೆ ಬರುವುದು, ಕೆಮ್ಮಲು ಬಲವಿಲ್ಲದಿರುವುದು ಕಂಡರೆ ಕಾರಣ ಯಾವ ಕಾಯಿಲೆ ಅಂತ ಯೋಚಿಸುತ್ತ ಕೂರದೆ ನೇರ ತುರ್ತು ವಿಭಾಗಕ್ಕೆ ಹೋಗಿ.

ಮುಂದೆ ಇನ್ನೊಂದು ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿ. ನಿಮ್ಮ ಎರಡೂ ಆ್ಯಂಟಿಬಾಡಿಗಳು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ದಾಟಬಲ್ಲವು. ಮಯಸ್ತೇನಿಯಾ ಇರುವ ತಾಯಂದಿರ ನೂರು ಶಿಶುಗಳಲ್ಲಿ ಹತ್ತರಿಂದ ಹದಿನೈದಕ್ಕೆ ಕೆಲವು ವಾರ ಸುಸ್ತು, ಹಾಲು ಕುಡಿಯಲು ಕಷ್ಟ ಆಗುತ್ತದೆ. ಗ್ರೇವ್ಸ್ ಆ್ಯಂಟಿಬಾಡಿ ದಾಟಿದರೆ ಮಗುವಿನ ಥೈರಾಯ್ಡ್ ಅತಿಯಾಗಿ ಕೆಲಸ ಮಾಡಬಹುದು. ಎರಡೂ ತಾತ್ಕಾಲಿಕ, ತಾಯಿಯ ಆ್ಯಂಟಿಬಾಡಿ ಕರಗಿದ ಮೇಲೆ ಹೋಗುತ್ತವೆ. ಆದರೆ ಮಕ್ಕಳ ವೈದ್ಯರು ತಯಾರಿರಬೇಕು. ಗರ್ಭದ ಮೊದಲ ತಿಂಗಳುಗಳಲ್ಲಿ ಕಾರ್ಬಿಮಜೋಲ್ ಬದಲು ಪ್ರೊಪೈಲ್‌ಥಯೋಯುರಾಸಿಲ್ ಕೊಡುವುದು ರೂಢಿ. ಹಾಗಾಗಿ ಮಾತುಕತೆ ಗರ್ಭ ನಿಲ್ಲುವ ಮೊದಲೇ ಆಗಬೇಕು.

ಕೊನೆಯದಾಗಿ ನಿಮ್ಮ ಮಗಳು. ಅವಳಿಗೆ ಈಗ ಯಾವ ಪರೀಕ್ಷೆಯೂ ಬೇಡ. ಮಯಸ್ತೇನಿಯಾ ತಾಯಿಯಿಂದ ಮಗಳಿಗೆ ನೇರವಾಗಿ ಇಳಿದು ಬರುವ ಕಾಯಿಲೆಯಲ್ಲ. ನಿಮ್ಮಂಥ ಮನೆಯಲ್ಲಿ ಹುಟ್ಟಿದವರಿಗೆ ಯಾವುದಾದರೂ ಆಟೋಇಮ್ಯೂನ್ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಜಾಸ್ತಿ, ಅದರಲ್ಲೂ ಥೈರಾಯ್ಡ್‌ನದು. ಅವಳು ಬೆಳೆಯುತ್ತ ಕಾರಣವಿಲ್ಲದೆ ತೂಕ ಇಳಿದರೆ ಅಥವಾ ಏರಿದರೆ, ಎತ್ತರ ನಿಂತುಹೋದರೆ, ಕತ್ತಿನ ಮುಂಭಾಗ ಊದಿದರೆ, ಸಂಜೆಯಾದರೆ ರೆಪ್ಪೆ ಬೀಳಲು ಶುರುವಾದರೆ ಆಗ ವೈದ್ಯರಿಗೆ ಮನೆಯ ಇತಿಹಾಸವನ್ನು ಪೂರ್ತಿ ಹೇಳಿ: ಅಮ್ಮನಿಗೆ ಮಯಸ್ತೇನಿಯಾ ಮತ್ತು ಗ್ರೇವ್ಸ್, ದೊಡ್ಡಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಅಷ್ಟು ಗೊತ್ತಾದರೆ ಯಾವ ಪರೀಕ್ಷೆ ಬೇಕು ಅಂತ ಅವರೇ ತೀರ್ಮಾನಿಸುತ್ತಾರೆ.